ಒಂದು ಗೇಣು ಮುಂದೆ ಹೋದ ಟೈರು

ಬಸ್ಸು ಕೆಳಗಿನ ತಿರುವಿನವರೆಗೆ ಮಾತ್ರ ಬರುತ್ತದೆ. ಅಲ್ಲಿಂದ ಮೇಲಕ್ಕೆ ಹನ್ನೊಂದು ಕಿಲೋಮೀಟರು. ಮೊದಲ ಏಳು ಟಾರು, ಆಮೇಲಿನ ನಾಲ್ಕು ಮಣ್ಣು. ಟಾರು ಹಾಕುವವರು ಏಳಕ್ಕೇ ಏಕೆ ನಿಂತರು ಎಂದು ಯಾರೂ ಕೇಳಲಿಲ್ಲ. ಕೇಳಲು ಮೇಲೆ ಜನ ಎಲ್ಲಿದ್ದರು? ಇದ್ದದ್ದು ಒಂದು ಪಂಪ್‌ಹೌಸು, ಅದಕ್ಕೆ ಅಂಟಿಕೊಂಡ ಎರಡು ಕೋಣೆಯ ಕ್ವಾರ್ಟರ್ಸು, ಅದರೊಳಗೆ ಒಬ್ಬನೇ ಒಬ್ಬ ಮನುಷ್ಯ.

ಕೆಳಗಿನ ಊರಿನವರು ಅವನನ್ನು ವಾಲ್ವಣ್ಣ ಎನ್ನುತ್ತಿದ್ದರು. ಬೆಳಗ್ಗೆ ಆರಕ್ಕೆ ದೊಡ್ಡ ವಾಲ್ವನ್ನು ಇಪ್ಪತ್ತಮೂರು ಸುತ್ತು ತಿರುಗಿಸಿದರೆ ಕೆಳಗೆ ನಲ್ಲಿಗಳಲ್ಲಿ ನೀರು. ಸಂಜೆ ನಾಲ್ಕೂವರೆಗೆ ಇನ್ನೊಮ್ಮೆ. ನೀರು ಬಂದ ದಿನ ವಾಲ್ವಣ್ಣ ಯಾರಿಗೂ ನೆನಪಿಲ್ಲ. ಬಾರದ ದಿನ ಮಾತ್ರ ಫೋನು: "ಏನಪ್ಪಾ, ನಿದ್ದೇನಾ?" ಬೈಗುಳವೇ ಆದರೂ, ಯಾರೋ ಫೋನು ಮಾಡಿದರಲ್ಲ ಎಂದು ಅವನಿಗೆ ಒಳಗೊಳಗೇ ಖುಷಿಯಾಗುತ್ತಿತ್ತು. ಅಷ್ಟು ಒಂಟಿ.

ಹೆಂಡತಿ ತೀರಿಕೊಂಡು ಮೂರು ವರ್ಷ. ಒಬ್ಬಳೇ ಮಗಳು. ಪಟ್ಟಣದ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸ ಅವಳದು. ತಿಂಗಳಿಗೊಮ್ಮೆ, ಎರಡನೇ ಶನಿವಾರ, ಹನ್ನೊಂದೂವರೆ ಬಸ್ಸಿಗೆ ಬಂದಿಳಿಯುತ್ತಿದ್ದಳು. ವಾಲ್ವಣ್ಣ ಹತ್ತಕ್ಕೇ ತನ್ನ ಹಳೆಯ ಫೋರ್‌ವೀಲ್ ಜೀಪು ತಂದು ತಿರುವಿನಲ್ಲಿ ನಿಲ್ಲಿಸಿ, ಪಕ್ಕದ ಸೀಟನ್ನು ಬಟ್ಟೆಯಿಂದ ಒರೆಸಿ, ಮತ್ತೆ ಒರೆಸಿ, ಕಾಯುತ್ತಿದ್ದ.

ನಾಲ್ಕು ತಿಂಗಳ ಹಿಂದೆ ಹೀಗೆಯೇ ಅವಳನ್ನು ಕೂರಿಸಿಕೊಂಡು ಹೊರಟಾಗ ಮೂರನೇ ತಿರುವಿನಲ್ಲಿ ಜೀಪು ತಿರುಗಲಿಲ್ಲ. ಸ್ಟೇರಿಂಗ್ ತಿರುಗಿತು, ಚಕ್ರಗಳು ತಿರುಗಿದವು, ಗಾಡಿ ಮಾತ್ರ ಹಟ ಹಿಡಿದವರ ಹಾಗೆ ನೆಟ್ಟಗೆ ಹೋಯಿತು. ಬಿಸಿಲಿತ್ತು. ಟಾರು ಒಣಗಿತ್ತು. ಒಂದಿಷ್ಟು ಮರಳಿತ್ತು, ಅಷ್ಟೇ. ಮುಂದಿನ ಎಡ ಚಕ್ರ ಚರಂಡಿಗೆ ಇಳಿದು, ತಡೆಗೋಡೆಗೆ ಒಂದು ಮೊಳ ಇರುವಾಗ ಗಾಡಿ ನಿಂತಿತು. ಗೋಡೆಯ ಆಚೆ ಏನೂ ಇರಲಿಲ್ಲ.

ಮಗಳು ಇಳಿದಳು. ಮೇಲಿನವರೆಗೆ ನಡೆದೇ ಬಂದಳು. ಮರುದಿನ ಹೋಗುವಾಗ ಹನ್ನೊಂದು ಕಿಲೋಮೀಟರೂ ನಡೆದೇ ಇಳಿದಳು. ಚರಂಡಿಯಿಂದ ಎತ್ತಿದ ಗಾಡಿಯನ್ನು ಫಸ್ಟ್ ಗೇರಿನಲ್ಲಿಟ್ಟು ವಾಲ್ವಣ್ಣ ಅವಳ ಹಿಂದೆ ಹಿಂದೆ ಬಂದ. ಪಕ್ಕದ ಸೀಟಿನಲ್ಲಿ ಅವಳ ಬ್ಯಾಗು ಕೂತಿತ್ತು. ಬಸ್ಸು ಹತ್ತುವ ಮುಂಚೆ ಬ್ಯಾಗು ತೆಗೆದುಕೊಂಡು ಅವಳು ಹೇಳಿದ್ದು ಒಂದೇ ಮಾತು: "ಇನ್ನು ಈ ಗಾಡೀಲಿ ನಾನು ಕೂರಲ್ಲ ಅಪ್ಪ."

ಮೂರು ಎರಡನೇ ಶನಿವಾರಗಳು ಹಾಗೇ ಹೋದವು. ಮೊದಲ ಸಲ "ಅಂಗಡೀಲಿ ಕೆಲಸ ಜಾಸ್ತಿ" ಎಂದಳು. ಎರಡನೇ ಸಲ "ನೆಗಡಿ" ಎಂದಳು. ಮೂರನೇ ಸಲ ಸುಳ್ಳು ಹೇಳುವ ತಾಳ್ಮೆ ಅವಳಿಗೂ ಉಳಿದಿರಲಿಲ್ಲ.

"ಗಾಡಿ ಸರಿ ಮಾಡ್ಸು, ಬರ್ತೀನಿ. ಇಲ್ಲಾಂದ್ರೆ ನೀನೇ ಇಲ್ಲಿಗೆ ಬಾ."

"ಪಂಪ್ ಬಿಟ್ಟು ಹೆಂಗೆ ಬರ್ಲಮ್ಮ?"

"ಹಂಗಾದ್ರೆ ಪಂಪ್ ಜೊತೇನೇ ಇರು."

ಅವಳು ಫೋನು ಇಟ್ಟ ಮೇಲೂ ವಾಲ್ವಣ್ಣ ಅದನ್ನು ಸ್ವಲ್ಪ ಹೊತ್ತು ಕಿವಿಗೆ ಹಿಡಿದೇ ಇದ್ದ. ಮೋಟಾರು ಗುಂಯ್ ಎನ್ನುತ್ತಿತ್ತು. ದಿನದ ವರದಿ ಪುಸ್ತಕದಲ್ಲಿ ಷರಾ ಎಂದು ಒಂದು ಅಂಕಣವಿದೆ. ಅದರಲ್ಲಿ ಅವನು ಬರೆದ: "ಮಗಳು ಬರಲಿಲ್ಲ." ಆ ಪುಸ್ತಕವನ್ನು ಯಾವ ಸಾಹೇಬನೂ ತೆರೆದು ನೋಡುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

ಮರುದಿನ ಬೆಳಗಿನ ವಾಲ್ವು ಮುಗಿಸಿ, ಎಂದಿನಂತೆ ಪರೀಕ್ಷೆಗೆ ಕೊಡುವ ನೀರಿನ ಸೀಸೆಯನ್ನು ಕೆಳಗೆ ತಲುಪಿಸಿ, ನೇರವಾಗಿ ಟೈರಕ್ಕನ ಅಂಗಡಿಗೆ ಬಂದ. ಬಸ್ಸು ನಿಲ್ಲುವ ತಿರುವಿನಲ್ಲೇ ಅವಳ ಅಂಗಡಿ. ತಗಡಿನ ಮಾಡು, ಒಂದು ಏರ್ ಕಂಪ್ರೆಸರು, ಪಂಕ್ಚರು ಹುಡುಕುವ ನೀರಿನ ತೊಟ್ಟಿ. ಟೈರಕ್ಕನ ಎಡಗೈ ಹೆಬ್ಬೆರಳಿನ ಉಗುರು ಯಾವಾಗಲೂ ಕಪ್ಪು. ಇಪ್ಪತ್ತು ವರ್ಷದಿಂದ ಒಂದಲ್ಲ ಒಂದು ಚಕ್ರ ಅದನ್ನು ಜಜ್ಜುತ್ತಲೇ ಇದೆ. ಒಬ್ಬ ಲಾರಿ ಡ್ರೈವರು ತನ್ನ ಪಂಕ್ಚರಿಗೆ ಹಾಕಿದ ತೇಪೆ ಒಣಗಲಿ ಎಂದು ಹಳೆಯ ಟೈರಿನ ಮೇಲೆ ಕೂತಿದ್ದ. ಅವನ ಮುಖದಲ್ಲಿ ಮೊದಲು ಕಾಣುವುದು ಮೀಸೆ, ಆಮೇಲೆ ಅವನು.

"ಅಕ್ಕ, ಮುಂದೆ ಎಡಗಡೆ ಟೈರ್ ಸವೆದೋಗಿದೆ. ಒಂದು ಹೊಸದು ಹಾಕು. ಬೇಗ," ಎಂದ ವಾಲ್ವಣ್ಣ.

"ಬಂದವನು ಕೂತ್ಕೊ. ಮೊನ್ನೆ ನಮ್ಮನೆ ನಲ್ಲೀಲಿ ಯಾಕೆ ನೀರು ಬರ್ಲಿಲ್ಲ, ಮೊದ್ಲು ಅದು ಹೇಳು."

"ಕರೆಂಟಿರ್ಲಿಲ್ಲ."

"ಸರಿ, ಬಿಟ್ಟಿದೀನಿ." ಟೈರಕ್ಕ ಜೀಪಿನ ಸುತ್ತ ಒಂದು ಸುತ್ತು ಬಂದಳು. ಬಗ್ಗಿ ಪ್ರತಿ ಟೈರಿನ ಮೇಲೂ ಅಂಗೈ ಆಡಿಸಿದಳು. ಎದ್ದು ನಿಂತು ಕೈ ಒರೆಸಿಕೊಂಡಳು. "ಒಂದು ಟೈರ್ ಕೊಡಲ್ಲ ನಾನು."

"ಯಾಕೆ, ಸ್ಟಾಕ್ ಇಲ್ವಾ?"

"ರಾಶಿ ಇದೆ. ನಿಂಗೆ ಕೊಡಲ್ಲ."

ಮೀಸೆ ತೊಡೆ ತಟ್ಟಿದ. "ಬೋರ್ಡ್ ಬದಲಾಯಿಸಕ್ಕ! ‘ಇಲ್ಲಿ ಟೈರು ದೊರೆಯುವುದಿಲ್ಲ’ ಅಂತ ದಪ್ಪಕ್ಷರದಲ್ಲಿ ಬರೆಸು."

"ನೀನು ಸುಮ್ನಿರೋ, ನಿನ್ನ ಟ್ಯೂಬಲ್ಲಿ ಟ್ಯೂಬಿಗಿಂತ ತೇಪೆ ಜಾಸ್ತಿ ಇದೆ." ಟೈರಕ್ಕ ವಾಲ್ವಣ್ಣನ ಕಡೆ ತಿರುಗಿದಳು. "ಟೈರ್‌ಗಳ ಜಾಗ ಬದಲಾಯಿಸಿ ಎಷ್ಟು ದಿನ ಆಯ್ತು? ಮುಂದಿನವು ಹಿಂದಕ್ಕೆ, ಹಿಂದಿನವು ಮುಂದಕ್ಕೆ. ಯಾವಾಗ ಮಾಡ್ಸಿದ್ದೆ?"

"ಮಾಡ್ಸೇ ಇಲ್ಲ. ಅದೆಲ್ಲ ಸಾದಾ ಕಾರಿಗೆ ಅಕ್ಕ. ಅದ್ರಲ್ಲಿ ಎರಡು ಚಕ್ರ ಎಳೀತವೆ, ಎರಡು ಸುಮ್ನೆ ಹಿಂದೆ ಬರ್ತವೆ. ಎಳೆಯೋದು ಬೇಗ ಸವೆಯುತ್ತೆ. ನಂದು ಫೋರ್‌ವೀಲು. ನಾಲ್ಕೂ ಎಳೀತವೆ, ನಾಲ್ಕೂ ಒಂದೇ ಸಮ ಸವೀತವೆ. ಬದಲಾಯಿಸೋಕೆ ಅದ್ರಲ್ಲೇನಿದೆ?"

"ಹೌದಲ್ಲಕ್ಕ," ಎಂದ ಮೀಸೆ. "ಮಾತು ನ್ಯಾಯವಾಗೇ ಇದೆ."

ಈ ಮಾತು ವಾಲ್ವಣ್ಣ ಒಬ್ಬನದಲ್ಲ. ಫೋರ್‌ವೀಲ್ ಗಾಡಿ ಇಟ್ಟ ಹತ್ತರಲ್ಲಿ ಎಂಟು ಜನರ ಬಾಯಲ್ಲಿ ಇದೇ ಮಾತು. ತಪ್ಪು ಅವರದೂ ಅಲ್ಲ. ಗಾಡಿ ಕೊಟ್ಟವನು ಕೀಲಿ ಕೈಗಿಟ್ಟ, ಕೈಕುಲುಕಿದ, ಫೋಟೋ ತೆಗೆದ. ಈ ಒಂದು ಮಾತು ಹೇಳಲು ಅವನಿಗೆ ಬಾಯಿ ಬರಲಿಲ್ಲ.

ಟೈರಕ್ಕ ಜೇಬಿನಿಂದ ಗ್ರಿಪ್ಪಿನ ಆಳ ಅಳೆಯುವ ಪುಟ್ಟ ಕಡ್ಡಿ ತೆಗೆದಳು. ಅದನ್ನು ವಾಲ್ವಣ್ಣನ ಕೈಗೇ ಕೊಟ್ಟಳು. "ನಾನು ಅಳೆದ್ರೆ ಅಂಗಡಿಯವಳು ಸುಳ್ಳು ಹೇಳ್ತಾಳೆ ಅಂತೀಯ. ನೀನೇ ಅಳೆ. ನೀರಿನ ಮಟ್ಟ ಓದೋನಿಗೆ ಇದೇನು ದೊಡ್ಡದು?"

ವಾಲ್ವಣ್ಣ ಮಂಡಿಯೂರಿ ಅಳೆದ. ಹಿಂದಿನ ಎರಡೂ ಆರು, ಆರೂವರೆ ಮಿಲಿಮೀಟರು. ಮುಂದಿನ ಬಲ ಐದು. ಮುಂದಿನ ಎಡ ನಾಲ್ಕೂವರೆ, ಅದರ ಹೊರ ಅಂಚಿನಲ್ಲಿ ಬರೀ ಮೂರೂವರೆ. ಅವನು ಮತ್ತೊಮ್ಮೆ ಅಳೆದ. ಅಂಕಿ ಬದಲಾಗಲಿಲ್ಲ.

"ನಾಲ್ಕೂ ಎಳೀತವೆ, ಒಪ್ದೆ," ಎಂದಳು ಟೈರಕ್ಕ. "ಆದ್ರೆ ಸ್ಟೇರಿಂಗ್ ತಿರುಗಿಸಿದ್ರೆ ನಾಲ್ಕೂ ತಿರುಗ್ತವಾ? ಮುಂದಿನವು ಮಾತ್ರ. ಇಳಿಜಾರಲ್ಲಿ ಬ್ರೇಕ್ ಒತ್ತಿದ್ರೆ ಭಾರ ಎಲ್ಲಿಗೆ ಬರುತ್ತೆ? ಮುಂದಕ್ಕೆ. ದಿನಾ ಹನ್ನೊಂದು ಕಿಲೋಮೀಟರ್ ಇಳೀತೀಯ. ಒಂದೊಂದು ತಿರುವಲ್ಲೂ ಆ ಹೊರ ಅಂಚು ಟಾರಿಗೆ ಉಜ್ತಾ ಉಜ್ತಾ ಬರುತ್ತೆ."

"ಅದಕ್ಕೇ ಅಲ್ವಾ ಆ ಒಂದನ್ನ ಬದಲಾಯಿಸು ಅಂದಿದ್ದು!"

"ಅದೇ ಅದೇ, ಅಲ್ಲೇ ಎಡವೋದು. ಬಾ, ತೋರಿಸ್ತೀನಿ."

ಅವಳು ಜಾಕ್ ಹಾಕಿ ಮುಂದಿನ ಎಡ ಚಕ್ರ ಬಿಚ್ಚಿದಳು. ಹಿಂದೆ ತೂಗುಹಾಕಿದ್ದ ಸ್ಟೆಪ್ನಿಯನ್ನೂ ಇಳಿಸಿದಳು. ಐದು ವರ್ಷದಿಂದ ನೆಲ ಮುಟ್ಟದ ಚಕ್ರ ಅದು. ಅದೇ ಸೈಜು, ಗ್ರಿಪ್ಪು ಒಂಬತ್ತು ಮಿಲಿಮೀಟರು. ಎರಡಕ್ಕೂ ಗಾಳಿ ಸಮ ಮಾಡಿ, ನೆಲಕ್ಕೆ ತಾಗುವ ಜಾಗದಲ್ಲಿ ಸೀಮೆಸುಣ್ಣದ ಗೆರೆ ಎಳೆದಳು. ರಸ್ತೆಯ ಅಂಚಿನಲ್ಲೂ ಒಂದು ಗೆರೆ.

"ಒಂದು ನೀನು ಉರುಳಿಸು, ಒಂದು ಮೀಸೆ ಉರುಳಿಸ್ಲಿ. ಸರಿಯಾಗಿ ಹತ್ತು ಸುತ್ತು. ಜೋರಾಗಿ ಎಣಿಸಿ. ಕಳ್ಳಾಟ ಬೇಡ."

ಇಬ್ಬರು ನಡುವಯಸ್ಸಿನ ಗಂಡಸರು ರಸ್ತೆಯ ಅಂಚಿನಲ್ಲಿ ಚಕ್ರ ಉರುಳಿಸುತ್ತಾ ಹೋದರು. "ಒಂದು! ಎರಡು! ಏಯ್, ನೆಟ್ಟಗೆ ಉರುಳ್ಸಯ್ಯ! ಮೂರು!" ಬಸ್ಸಿಗೆ ಕಾಯುತ್ತಿದ್ದವರು ನಕ್ಕರು. ಇನ್ನೊಬ್ಬರ ದನಿಯ ಜೊತೆ ದನಿ ಸೇರಿಸಿ ವಾಲ್ವಣ್ಣ ಎಣಿಸಿ ಎಷ್ಟು ಕಾಲವಾಗಿತ್ತೋ. ಒಂಬತ್ತನ್ನು ಮೀಸೆ ಒಬ್ಬನೇ ಹೇಳಿದ.

ಹತ್ತನೇ ಸುತ್ತಿಗೆ ಎರಡೂ ಗೆರೆಗಳು ನೆಲ ಮುಟ್ಟಿದವು. ಆದರೆ ಒಂದೇ ಜಾಗದಲ್ಲಿ ಅಲ್ಲ. ಸ್ಟೆಪ್ನಿ ಮುಂದಿತ್ತು. ಟೈರಕ್ಕ ನಡುವೆ ಕೈ ಚಾಚಿ ಅಳೆದಳು. ಒಂದು ಗೇಣು, ಮೇಲೆ ಎರಡು ಬೆರಳು.

"ಗೇಣಾ!" ಎಂದ ಮೀಸೆ. "ನಾನು ಕೂದಲೆಳೆ ಇರುತ್ತೆ ಅಂದ್ಕೊಂಡಿದ್ದೆ."

"ಹತ್ತು ಸುತ್ತಿಗೆ ಗೇಣು. ಒಂದು ಕಿಲೋಮೀಟರಿಗೆ ನಾನೂರಕ್ಕೂ ಜಾಸ್ತಿ ಸುತ್ತು. ಹತ್ತು ಮೀಟರ್ ದಾಟುತ್ತೆ ವ್ಯತ್ಯಾಸ. ಸವೆದ ಟೈರ್ ಸಣ್ಣದಾಗಿರುತ್ತೆ, ಅದೇ ದೂರಕ್ಕೆ ಜಾಸ್ತಿ ಸುತ್ತಬೇಕು. ಸಾದಾ ಕಾರಲ್ಲಿ ಮುಂದಿನವು, ಹಿಂದಿನವು ತಮ್ಮ ತಮ್ಮ ಪಾಡಿಗೆ ಸುತ್ಕೊಂಡ್ಹೋಗ್ತವೆ. ನಿನ್ನ ಗಾಡೀಲಿ ನಾಲ್ಕೂ ಚಕ್ರ ಎಳೆಯೋ ಲಿವರ್ ಹಾಕಿದ ತಕ್ಷಣ ಮುಂದಿನ ಜೋಡಿ, ಹಿಂದಿನ ಜೋಡಿ ಎರಡನ್ನೂ ಸೇರಿಸಿ ಬಿಗಿದ ಹಾಗೆ. ‘ನಾನು ಇಷ್ಟು ಸುತ್ತಬೇಕು’ ಅನ್ನುತ್ತೆ ಒಂದು, ‘ಆಗಲ್ಲ, ನನ್ನ ಲೆಕ್ಕಕ್ಕೆ ಸುತ್ತು’ ಅನ್ನುತ್ತೆ ಇನ್ನೊಂದು. ಆ ಜಗಳ ಎಲ್ಲಾ ಒಳಗಿನ ಗೇರಿನ ಮೇಲೆ. ಗೇರು ಬಿಸಿಯಾಗುತ್ತೆ, ಸವೆಯುತ್ತೆ, ಒಂದಿನ ಮುರಿಯುತ್ತೆ. ಒಂದೇ ಒಂದು ಹೊಸ ಟೈರ್ ಹಾಕು ಅಂತ ಬಂದಿದ್ಯಲ್ಲ, ಅದು ಈ ಜಗಳಕ್ಕೆ ಎಣ್ಣೆ ಸುರಿದ ಹಾಗೆ."

ವಾಲ್ವಣ್ಣ ಎರಡು ಗೆರೆಗಳ ನಡುವಿನ ಖಾಲಿ ಜಾಗವನ್ನೇ ನೋಡುತ್ತಿದ್ದ. ಮೆಲ್ಲಗೆ ಕೇಳಿದ, "ಮರಳು ಬಿದ್ದ ತಿರುವಲ್ಲಿ ಗಾಡಿ ನೆಟ್ಟಗೆ ಹೋಗೋದೂ ಇದಕ್ಕೇನಾ?"

"ಯಾವ ತಿರುವು? ಟಾರಿನ ಮೇಲಾ?"

"ಹೂಂ. ಮೂರನೇದು."

"ಟಾರಿನ ಮೇಲೆ ಲಿವರ್ ಎಲ್ಲಿತ್ತು? ಎರಡು ಚಕ್ರಕ್ಕಾ ನಾಲ್ಕಕ್ಕಾ?"

"ನಾಲ್ಕಕ್ಕೆ."

"ಒಣ ಟಾರಿನ ಮೇಲೆ ನಾಲ್ಕಕ್ಕೆ ಯಾಕೆ ಹಾಕ್ದೆ?"

"ನಾನು ಯಾವಾಗ್ಲೂ ನಾಲ್ಕಲ್ಲೇ ಇಟ್ಟಿರ್ತೀನಿ."

"ಯಾವಾಗ್ಲೂ ಅಂದ್ರೆ? ಪಟ್ಟಣದ ರಸ್ತೇಲೂ?" ಟೈರಕ್ಕನ ದನಿ ಏರಿತು. "ಅಯ್ಯೋ ಪುಣ್ಯಾತ್ಮ! ತಿರುವಲ್ಲಿ ಮುಂದಿನ ಚಕ್ರ ದೊಡ್ಡ ಸುತ್ತು ಹೋಗ್ಬೇಕು, ಹಿಂದಿನದು ಚಿಕ್ಕ ಸುತ್ತು. ಕೆಸರಲ್ಲಾದ್ರೆ ಚಕ್ರ ಒಂಚೂರು ಜಾರಿ ಸರಿ ಮಾಡ್ಕೊಳುತ್ತೆ. ಒಣ ಟಾರು ಎಲ್ಲಿ ಜಾರೋಕೆ ಬಿಡುತ್ತೆ? ಗಾಡಿ ಬಿಗ್ಕೊಳುತ್ತೆ, ಮುಂಭಾಗ ನೆಟ್ಟಗೆ ನೂಕುತ್ತೆ. ಅದ್ರ ಮೇಲೆ ಮುಂದಿನ ಟೈರ್‌ನ ಅಂಚು ಹೋಗಿದೆ, ಅಲ್ಲೇ ಮರಳು ಬಿದ್ದಿದೆ. ಇನ್ನೇನಾಗುತ್ತೆ?"

"ಶೋಕಿ ಕಣಕ್ಕ," ಎಂದು ಮೀಸೆ ನಕ್ಕ. "ಫೋರ್‌ವೀಲ್ ತಗೊಂಡ್ಮೇಲೆ ನಾಲ್ಕಲ್ಲೇ ಓಡಿಸ್ಬೇಕಲ್ವಾ. ದುಡ್ಡು ಕೊಟ್ಟಿದಾನೆ ಪಾಪ."

ವಾಲ್ವಣ್ಣ ನಗಲಿಲ್ಲ. ಸೀಮೆಸುಣ್ಣವನ್ನು ಬೆರಳಿನಲ್ಲಿ ಪುಡಿ ಮಾಡುತ್ತಾ ಹೇಳಿದ, "ನಮ್ಮನೆಯವಳಿಗೆ ಎದೆನೋವು ಬಂದ ದಿನ ಮಳೆ. ಮಣ್ಣಿನ ರಸ್ತೇಲಿ ಚಕ್ರ ಹೂತ್ಕೊಂಡ್ತು. ಲಿವರ್ ಎರಡರಲ್ಲಿತ್ತು. ನಾಲ್ಕಕ್ಕೆ ಹಾಕ್ಬೇಕು ಅಂತ ನಂಗೆ ಹೊಳೀಲೇ ಇಲ್ಲ. ಎಕ್ಸಿಲೇಟರ್ ತುಳಿದೇ ತುಳಿದೆ. ಅರ್ಧ ಗಂಟೆ. ಹೊಳೆದಾಗ... ಅವತ್ತಿಂದ ಅದನ್ನ ನಾಲ್ಕರಿಂದ ತೆಗೆದಿಲ್ಲ."

ಕಂಪ್ರೆಸರು ತಾನಾಗಿ ನಿಂತಿತು. ಮೀಸೆ ಟೈರಿನಿಂದ ಎದ್ದ. ಸಮಾಧಾನ ಹೇಳಲು ಅವನಿಗೆ ಬರಲಿಲ್ಲ. ಹೋಗಿ ವೀಲ್ ಸ್ಪ್ಯಾನರು ಎತ್ತಿಕೊಂಡ. "ಮೊದ್ಲು ಯಾವ ಚಕ್ರ ಬಿಚ್ಲಿ ಅಕ್ಕ?"

"ನಿಲ್ಲು. ಅಲೈನ್‌ಮೆಂಟ್ ನೋಡ್ಬೇಕು. ಅಂಚು ಸವೆಯೋಕೆ ಕಾರಣ ಹುಡುಕ್ದೆ ಟೈರ್ ಬದಲಾಯಿಸಿದ್ರೆ, ಹೊಸ ಜಾಗಕ್ಕೆ ಬಂದಿದ್ದೂ ಹಾಗೇ ಸವೆಯುತ್ತೆ." ಅವಳು ಚಕ್ರವನ್ನು ಮತ್ತೆ ಹಾಕಿ, ಜಾಕ್ ಇಳಿಸಿ, ಗಾಡಿಯ ಉದ್ದಕ್ಕೂ ದಾರ ಬಿಗಿದು ಅಳೆದಳು. ಮುಂದಿನ ಚಕ್ರಗಳು ಸ್ವಲ್ಪ ಒಳಮುಖವಾಗಿದ್ದವು. ಚರಂಡಿಗೆ ಬಿದ್ದಾಗ ಆಗಿದ್ದಿರಬೇಕು, ಅದಕ್ಕೂ ಮೊದಲೇ ಇದ್ದಿರಲೂಬಹುದು. ಅದನ್ನು ಸರಿಪಡಿಸಿದಳು.

ಆಮೇಲೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ನಾಲ್ಕು ಚಕ್ರ ಬರೆದಳು. ಹಿಂದಿನವೆರಡು ನೆಟ್ಟಗೆ ಮುಂದಕ್ಕೆ, ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ. ಮುಂದಿನವೆರಡು ಅಡ್ಡ ಹಾಯ್ದು ಹಿಂದಕ್ಕೆ, ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ.

"ನಿನ್ನಂಥ ಗಾಡಿಗೆ ಇದೇ ದಾರಿ. ಟೈರ್ ಮೇಲೆ ಬಾಣದ ಗುರುತಿದ್ರೆ ಮಾತ್ರ ಅಡ್ಡ ಹಾಯಿಸ್ಬಾರ್ದು. ಅದು ಒಂದೇ ದಿಕ್ಕಿಗೆ ಸುತ್ತೋ ಟೈರು, ಅದೇ ಮಗ್ಗುಲಲ್ಲಿ ಹಿಂದೆ ಮುಂದೆ ಅಷ್ಟೇ. ನಿಂದ್ರಲ್ಲಿ ಬಾಣ ಇಲ್ಲ."

"ಸ್ಟೆಪ್ನಿ?"

"ಗಾಡಿ ಹೊಸದಿದ್ದಾಗ್ಲೇ ಐದನೇದನ್ನೂ ಸರದೀಲಿ ಸೇರಿಸಿದ್ದಿದ್ರೆ ಐದೂ ಒಟ್ಟಿಗೆ ಸವೀತಿದ್ವು. ಈಗ ಗೇಣು ಮುಂದೆ ಓಡೋದನ್ನ ಹೆಂಗೆ ಸೇರಿಸ್ಲಿ? ರಬ್ಬರೂ ಬಿರುಕು ಬಿಡ್ತಿದೆ. ಪಂಕ್ಚರಾದ್ರೆ ಹಾಕ್ಕೊಂಡು ಮೆಲ್ಲಗೆ ಇಲ್ಲಿವರೆಗೆ ಬಾ. ಆಗ ಲಿವರ್ ಎರಡರಲ್ಲೇ ಇರ್ಲಿ."

ಮೀಸೆ ಚಕ್ರ ಎತ್ತಿ ಕೊಟ್ಟ, ವಾಲ್ವಣ್ಣ ಕೂರಿಸಿದ. ಟೈರಕ್ಕ ನಟ್ಟುಗಳನ್ನು ಸಾಲಾಗಿ ಬಿಗಿಯಲಿಲ್ಲ. ಒಂದು ಬಿಗಿದರೆ ಅದರ ಎದುರಿನದು, ಮತ್ತೆ ಅಡ್ಡ ಇನ್ನೊಂದು. ಕೊನೆಗೆ ಬಿಗಿತ ಅಳೆಯುವ ರೆಂಚು ಹಾಕಿ ಟಕ್ ಎನ್ನುವವರೆಗೆ ತಿರುಗಿಸಿದಳು. ಮುಂದಿನದಕ್ಕೆ ಎಷ್ಟು ಗಾಳಿ, ಹಿಂದಿನದಕ್ಕೆ ಎಷ್ಟು ಎಂದು ಬಾಗಿಲಿನ ಚೀಟಿ ನೋಡಿ ಹಾಕಿದಳು.

"ನೂರು ಕಿಲೋಮೀಟರ್ ಓಡಿದ್ಮೇಲೆ ಬಾ, ನಟ್ಟು ಮತ್ತೆ ನೋಡ್ಬೇಕು. ಮರೀಬೇಡ. ಆಮೇಲೆ ಎಂಟು ಸಾವಿರಕ್ಕೊಂದ್ಸಲ ಜಾಗ ಬದಲಾವಣೆ. ನಿನ್ನ ಘಾಟಿಗೆ ಆರು ಸಾವಿರಕ್ಕೇ ಬಂದ್ರೂ ಬೈಯಲ್ಲ."

"ಇನ್ನು ಲಿವರ್?" ಎಂದ ವಾಲ್ವಣ್ಣ.

"ಟಾರಿಗೆ ಎರಡು. ಮಣ್ಣು ಶುರುವಾಗೋ ಕಡೆ ನಿಲ್ಸು, ನಾಲ್ಕಕ್ಕೆ ಹಾಕು, ಹೋಗು. ಇಳಿಯುವಾಗ ಟಾರು ಸಿಕ್ಕಿದ್ ಕೂಡ್ಲೆ ತೆಗಿ." ರೆಂಚನ್ನು ಜಾಗಕ್ಕಿಡುತ್ತಾ ಅಂದಳು, "ಕೈಗೆ ರೂಢಿಯಾಗ್ಬೇಕು ಅಣ್ಣ. ಹೆದರಿಕೆಗೆ ಬಿಟ್ರೆ ಅದು ಸದಾ ಹಾಕೇ ಇರು ಅನ್ನುತ್ತೆ."

ಮರಳಿ ಹತ್ತುವಾಗ ಸ್ಟೇರಿಂಗ್ ಹಗುರಾಗಿತ್ತು. ತಿರುವುಗಳಲ್ಲಿ ಕೇಳಿಸುತ್ತಿದ್ದ ಗರಗರ ಸದ್ದು ನಿಂತಿತ್ತು. ಇಷ್ಟು ವರ್ಷ ಆ ಸದ್ದಿನ ಮೇಲೆ ತಾನು ಗಟ್ಟಿಯಾಗಿ ಏನೇನೋ ಮಾತಾಡಿಕೊಂಡು ಬರುತ್ತಿದ್ದೆ ಎಂದು ವಾಲ್ವಣ್ಣನಿಗೆ ಅಂದೇ ಗೊತ್ತಾಯಿತು. ಗಾಡಿ ಸುಮ್ಮನಾದಾಗ ಅವನ ದನಿಯೊಂದೇ ಉಳಿಯಿತು. ಅವನು ಮಾತು ನಿಲ್ಲಿಸಿದ.

ವಾಲ್ವು ತಿರುಗಿಸಿ ಬಂದು ಮಗಳಿಗೆ ಫೋನು ಮಾಡಿದ.

"ಗಾಡಿ ಸರಿ ಮಾಡ್ಸಿದೆ ಕಣಮ್ಮ."

"ಹೊಸ ಟೈರ್ ಹಾಕ್ಸಿದ್ಯಾ?"

"ಇಲ್ಲ. ಇದ್ದವನ್ನೇ ಜಾಗ ಬದಲಾಯಿಸಿದ್ವಿ."

"ಅಂದ್ರೆ ಅದೇ ಟೈರು."

"ಅದೇ ಟೈರು."

"ಅಪ್ಪ, ನನ್ನ ಕರೆಸ್ಕೊಳ್ಳೋಕೆ ಕಥೆ ಹೇಳ್ಬೇಡ."

"ಕಥೆ ಅಲ್ಲ. ಬಾ, ನೀನೇ ಅಳೆದು ನೋಡು. ಒಪ್ಗೆ ಆಗ್ಲಿಲ್ಲಾಂದ್ರೆ ಹತ್ಬೇಡ. ಗಾಡಿ ಅಲ್ಲೇ ಬಿಟ್ಟು ಇಬ್ರೂ ನಡ್ಕೊಂಡು ಹೋಗೋಣ."

ಬರುತ್ತೇನೆ ಎನ್ನಲಿಲ್ಲ ಅವಳು. ಬರುವುದಿಲ್ಲ ಎಂದೂ ಅನ್ನಲಿಲ್ಲ.

ಎರಡನೇ ಶನಿವಾರ ಹನ್ನೊಂದೂವರೆ ಬಸ್ಸು ಹನ್ನೆರಡಕ್ಕೆ ಬಂತು. ಆ ಅರ್ಧ ಗಂಟೆಯಲ್ಲಿ ವಾಲ್ವಣ್ಣ ನಟ್ಟುಗಳನ್ನು ಎರಡು ಸಲ ಮುಟ್ಟಿ ನೋಡಿದ. ಮಗಳು ಇಳಿದಳು. ಕಾಲಲ್ಲಿ ದೂರ ನಡೆಯುವವರು ಹಾಕುವ ಶೂ. ಅದನ್ನು ನೋಡಿದರೂ ವಾಲ್ವಣ್ಣ ನೋಡದವನಂತೆ ನಿಂತ.

"ಎಲ್ಲಿ, ತೋರ್ಸು," ಎಂದಳು.

ಟೈರಕ್ಕನಿಂದ ಕೇಳಿ ತಂದಿದ್ದ ಅಳತೆ ಕಡ್ಡಿಯನ್ನು ಅವಳ ಕೈಗೆ ಕೊಟ್ಟ. ದಿನವಿಡೀ ಮಿಲಿಮೀಟರಿನಲ್ಲಿ ಗಾಜು ಉಜ್ಜುವವಳು ಅವಳು. ನಾಲ್ಕು ಟೈರು, ಒಂದೊಂದರಲ್ಲಿ ಮೂರು ಕಡೆ ಅಳೆದಳು. "ಹಿಂದಿನದ್ರಲ್ಲಿ ಕಮ್ಮಿ ಇದೆಯಲ್ಲ?"

"ಅವೇ ಮೊದ್ಲು ಮುಂದಿದ್ವು. ಹಿಂದೆ ನಿಧಾನಕ್ಕೆ ಸವೀತವೆ. ಮುಂದಿನವು ಈಗ ಸವೆಯೋ ಸರದಿ. ಮುಂದಿನ ಸಲ ಬದಲಾಯಿಸೋ ಹೊತ್ತಿಗೆ ನಾಲ್ಕೂ ಹತ್ತತ್ರ ಬರ್ತವೆ. ಮೂರು ಮಿಲಿಮೀಟರಿಗೆ ಇಳಿದಾಗ ನಾಲ್ಕೂ ಒಟ್ಟಿಗೆ ಹೊಸದು. ಒಂದೊಂದೇ ಹಾಕೋ ಹಂಗಿಲ್ಲ."

"ಯಾಕೆ ಹಂಗಿಲ್ಲ?"

ವಾಲ್ವಣ್ಣ ರಸ್ತೆ ಅಂಚಿಗೆ ಕರೆದುಕೊಂಡು ಹೋಗಿ ಎಲ್ಲ ಹೇಳಿದ. ಹತ್ತು ಸುತ್ತು, ಗೇಣು, ಗೇರಿನ ಜಗಳ. ಕೈ ಆಡಿಸಿ, ಉರುಳಿಸಿದಂತೆ ಮಾಡಿ, ಅಂಗಡಿಯೊಳಗಿನಿಂದ ಟೈರಕ್ಕ ಕೂಗಿ ಒಂದೆರಡು ಕಡೆ ತಿದ್ದಿದರೂ ನಿಲ್ಲಿಸದೆ ಹೇಳಿದ. ಅಪ್ಪ ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದನ್ನು ಮಗಳು ಎಂದೂ ಕೇಳಿರಲಿಲ್ಲ.

ಅವಳು ಹತ್ತಿದಳು. ಬ್ಯಾಗು ತೊಡೆಯ ಮೇಲಿಟ್ಟುಕೊಂಡಳು, ಬೇಕಾದರೆ ಇಳಿಯಲು ಸುಲಭವಾಗಲಿ ಎಂದು. ಒಂದನೇ ತಿರುವು. ಎರಡನೇದು. ಮೂರನೇದರಲ್ಲಿ ಅವಳ ಬೆರಳುಗಳು ಹಿಡಿಕೆಯ ಮೇಲೆ ಬೆಳ್ಳಗಾದವು. ಮರಳು ಅಂದಿನಂತೆಯೇ ಬಿದ್ದಿತ್ತು. ವಾಲ್ವಣ್ಣ ನಿಧಾನಿಸಿ ಸ್ಟೇರಿಂಗ್ ತಿರುಗಿಸಿದ. ಗಾಡಿ ತಿರುಗಿತು. ತಡೆಗೋಡೆ ಪಕ್ಕದಲ್ಲಿ ಹಿಂದಕ್ಕೆ ಸರಿಯಿತು.

ಮಗಳು ಬ್ಯಾಗನ್ನು ಕಾಲ ಬಳಿ ಇಳಿಸಿದಳು.

ಏಳನೇ ಕಿಲೋಮೀಟರಿನಲ್ಲಿ ಟಾರು ಮುಗಿಯುವ ಕಡೆ ವಾಲ್ವಣ್ಣ ಗಾಡಿ ನಿಲ್ಲಿಸಿದ. ಲಿವರನ್ನು ನಾಲ್ಕಕ್ಕೆ ಹಾಕಿದ. ಆದರೆ ಹೊರಡಲಿಲ್ಲ. ಕೈ ಲಿವರಿನ ಮೇಲೇ ಇತ್ತು.

"ಇನ್ನೊಂಚೂರು ಮುಂದೆ ಅಲ್ವಾ," ಎಂದಳು ಮಗಳು. "ಅವತ್ತು ಸಿಕ್ಕಾಕ್ಕೊಂಡಿದ್ದು."

"ಹೂಂ."

"ಅದಕ್ಕೇನಾ ಮೂರು ವರ್ಷ ಇದನ್ನ ತೆಗೀದೇ ಇದ್ದಿದ್ದು? ಟೈರಕ್ಕ ಹೇಳಿದ್ರು, ನೀನು ನೀರು ಕುಡಿಯೋಕೆ ಹೋದಾಗ." ಅವಳು ಮುಂದಿನ ಗಾಜಿನಾಚೆ ನೋಡುತ್ತಿದ್ದಳು. "ನಂಗ್ಯಾಕೆ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ನಾನು ಮರೆತೆ, ನಿಮ್ಮಮ್ಮ ಹೋದ್ಲು ಅಂತಾನಾ?"

"ಹಿಂದಿನ ಸೀಟಲ್ಲಿ ನಾನಿದ್ದೆ ಅಪ್ಪ. ಅಮ್ಮನ ತಲೆ ನನ್ನ ತೊಡೆ ಮೇಲಿತ್ತು. ಈ ಲಿವರ್ ನಂಗೂ ಕಾಣ್ತಿತ್ತು. ಅದರ ಹೆಸರೂ ಗೊತ್ತಿತ್ತು ನಂಗೆ. ನಂಗೂ ಹೊಳೀಲಿಲ್ಲ." ಅವಳು ಅಪ್ಪನ ಕಡೆ ತಿರುಗಿದಳು. "ನೀನೊಬ್ನೇ ಮರೆತೆ ಅಂದ್ಕೊಂಡಿದ್ಯಾ?"

ಮೂರು ವರ್ಷ ಅವನು ಬೆಟ್ಟದ ಮೇಲೆ ಒಬ್ಬನೇ ಹೊತ್ತದ್ದನ್ನು ಅವಳು ಪಟ್ಟಣದ ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಹೊತ್ತಿದ್ದಳು. ಫೋನಿನಲ್ಲಿ ಮಾತ್ರ ಊಟ ಆಯ್ತಾ, ನೆಗಡಿ ಹೋಯ್ತಾ ಎಂದುಕೊಂಡಿದ್ದರು.

ಮಗಳು ಮೂಗು ಒರೆಸಿಕೊಂಡು, "ಹೊರಡು. ನಿನ್ನ ವಾಲ್ವಿಗೆ ಹೊತ್ತಾಗುತ್ತೆ," ಎಂದಳು. ಗಾಡಿ ಮಣ್ಣಿಗಿಳಿಯಿತು. ನಾಲ್ಕು ಚಕ್ರಗಳೂ ಹಿಡಿದು ಎಳೆದವು.

ಭಾನುವಾರ ಮಧ್ಯಾಹ್ನ ಅವಳು ಬಸ್ಸು ಹತ್ತಿದಳು. ಕಿಟಕಿಯಿಂದ ತಲೆ ಹೊರಹಾಕಿ, "ನೂರು ಕಿಲೋಮೀಟರ್ ಆಯ್ತಾ? ನಟ್ಟು ನೋಡ್ಸಿದ್ಯಾ?" ಎಂದು ಗದರಿದಳು. "ಆಯ್ತಮ್ಮ, ಮೊದ್ಲ ವಾರಾನೇ," ಎಂದ. "ಮುಂದಿನ ಎರಡನೇ ಶನಿವಾರ ನಾನೇ ನೋಡ್ತೀನಿ," ಎಂದಳು. ಬಸ್ಸು ಹೋಯಿತು. ವಾಲ್ವಣ್ಣ ಒಬ್ಬನೇ ಮೇಲೆ ಹತ್ತಿದ. ಪಕ್ಕದ ಸೀಟು ಖಾಲಿಯೇ. ಪಂಪ್‌ಹೌಸೂ ಅದೇ. ಇಪ್ಪತ್ತೇಳು ದಿನ ಎಣಿಸಬೇಕು. ಆದರೆ ಈಗ ಎಣಿಸಲು ದಿನಗಳಿವೆ.

ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮ ಮನೆಯ ಮುಂದೆ ನಾಲ್ಕು ಚಕ್ರ ಎಳೆಯುವ ಗಾಡಿ ನಿಂತಿದ್ದರೆ ಈಗಲೇ ಎದ್ದು ಹೋಗಿ. ಮಂಡಿಯೂರಿ. ಬಟ್ಟೆ ಕೊಳೆಯಾದರೆ ಆಗಲಿ. ನಾಲ್ಕೂ ಟೈರಿನ ಗ್ರಿಪ್ಪು ಅಳೆಯಿರಿ, ಒಳಗೆ, ನಡುವೆ, ಹೊರಗೆ. ನಾಲ್ಕೂ ಸಮ ಸವೆಯುತ್ತವೆ ಎಂದು ನಿಮಗೆ ಯಾರು ಹೇಳಿದ್ದರೋ ಅವರನ್ನೂ ಪಕ್ಕದಲ್ಲಿ ಕೂರಿಸಿಕೊಂಡೇ ಅಳೆಯಿರಿ. ಗಾಡಿ ಮಾರುವವರು ಬೆಟ್ಟ ಹತ್ತುವ ಬಣ್ಣದ ಚಿತ್ರ ತೋರಿಸುತ್ತಾರೆ. ಟೈರಿನ ಜಾಗ ಬದಲಾಯಿಸಬೇಕೆಂಬ ಮಾತನ್ನು ಮಾತ್ರ ದಪ್ಪ ಪುಸ್ತಕದ ನಡುವಿನ ಯಾವುದೋ ಪುಟದಲ್ಲಿ, ಇರುವೆಯಷ್ಟು ಅಕ್ಷರದಲ್ಲಿ ಹೂತಿಡುತ್ತಾರೆ. ಆ ಪುಟ ಹುಡುಕಿ. ನಿಮ್ಮ ಗಾಡಿಗೆ ಎಷ್ಟು ಕಿಲೋಮೀಟರಿಗೊಮ್ಮೆ, ಯಾವ ಚಕ್ರ ಎಲ್ಲಿಗೆ ಎಂದು ಅದರಲ್ಲಿದೆ. ಓದಲು ಬರದಿದ್ದರೆ ನಾಚಿಕೆ ಬೇಡ, ಬರುವವರಿಂದ ಓದಿಸಿ. ಪುಸ್ತಕವೇ ಇಲ್ಲದಿದ್ದರೆ ಎಂಟು ಸಾವಿರ ಕಿಲೋಮೀಟರು ಎಂದು ಗೋಡೆಯ ಮೇಲೆ ಬರೆದಿಡಿ. ಲಿವರು ಇಲ್ಲದೆ ತಾನಾಗಿಯೇ ನಾಲ್ಕು ಚಕ್ರಕ್ಕೂ ಶಕ್ತಿ ಹಂಚುವ ಹೊಸ ಗಾಡಿಯಾದರೆ ಇನ್ನೂ ಎಚ್ಚರ ಬೇಕು. ಅದನ್ನು ಎರಡಕ್ಕೆ ಇಳಿಸಲು ನಿಮ್ಮ ಕೈಯಲ್ಲಿ ಏನೂ ಇಲ್ಲ. ಒಂದೇ ಹೊಸ ಟೈರು ಹಾಕಿ ಸಾಕು ಎನ್ನುವ ಅಂಗಡಿಯಿಂದ ಎದ್ದು ಬನ್ನಿ.

ಇದೆಲ್ಲ ಒಂದು ಗಂಟೆಯ ಕೆಲಸ. ಆ ಒಂದು ಗಂಟೆ ಇಲ್ಲ ಎನ್ನುವವರು ಒಂದು ಸಲ ಪಕ್ಕದ ಸೀಟಿನ ಕಡೆ ತಿರುಗಿ, ಅಲ್ಲಿ ಕೂತವರ ಮುಖ ನೋಡಿ ಆ ಮಾತು ಹೇಳಿ.